ಸಮನ್ವಯ ಎಂದರೆ ಸಭೆಯಲ್ಲ

ಎಕ್ಸ್‌ರೇ ಕೇಂದ್ರಗಳ ಸುರಕ್ಷತೆಯ ಕುರಿತು ಬೆಳಗಾವಿಯಲ್ಲಿ ಹೊರಟ ಪತ್ರವೊಂದರಲ್ಲಿ ‘ಸಂಬಂಧಿಸಿದ ಇಲಾಖೆಗಳ ಸಮನ್ವಯದೊಂದಿಗೆ ಕ್ರಮ ವಹಿಸುವುದು’ ಎಂಬ ಸಾಲನ್ನು ಮೊನ್ನೆ ಓದಿದೆ. ಅದರ ಕೆಳಗಿದ್ದುದು ಐದು ಕಚೇರಿಗಳಿಗೆ ಪ್ರತಿ ಕಳಿಸಿದ ಪಟ್ಟಿ ಮಾತ್ರ. ಯಾವ ಕಚೇರಿ ಏನು ಮಾಡಬೇಕೆಂಬ ಒಂದು ಮಾತೂ ಇರಲಿಲ್ಲ. ಪ್ರತಿ ಕಳಿಸುವುದಕ್ಕೂ, ಜಂಟಿ ಸಭೆ ಸೇರುವುದಕ್ಕೂ, ಒಬ್ಬರಿಗೊಬ್ಬರು ನೆರವಾಗುವುದಕ್ಕೂ ಇದೊಂದೇ ಪದವನ್ನು ಬಳಸುತ್ತ ಹೋದರೆ ಅದರಲ್ಲಿ ಕಸುವು ಉಳಿಯುವುದಾದರೂ ಹೇಗೆ?

ಸಂಸ್ಕೃತದಲ್ಲಿ ‘ಹೋಗು’ ಎಂಬರ್ಥದ ‘ಇ’ ಧಾತುವಿಗೆ ‘ಅನು’ ಸೇರಿ ಅನ್ವಯ, ಅಂದರೆ ಬೆನ್ನ ಹಿಂದೆಯೇ ಹೋಗುವುದು. ವಂಶಕ್ಕೆ ಅನ್ವಯ ಎನ್ನುವುದೂ ಇದರಿಂದಲೇ. ‘ಸಮ್’ ಸೇರಿದಾಗ ಅದು ಸಮನ್ವಯವಾಗುತ್ತದೆ. ಷಟ್ಪದಿಯ ಪಾಠದಲ್ಲಿ ಮಾಸ್ತರರು ‘ಅನ್ವಯಿಸಿ ಹೇಳಿರಿ’ ಎಂದಾಗ ನಾವು ಆರನೆಯ ಸಾಲಿನ ಕ್ರಿಯಾಪದವನ್ನು ಮೊದಲ ಸಾಲಿನ ಕರ್ತೃಪದಕ್ಕೆ ಜೋಡಿಸುತ್ತಿದ್ದೆವು. ಯಾವ ಪದವೂ ತನ್ನ ವಿಭಕ್ತಿಯನ್ನು ಬಿಟ್ಟುಕೊಡುತ್ತಿರಲಿಲ್ಲ, ಆದರೆ ಎಲ್ಲ ಸೇರಿ ಕೊಡುತ್ತಿದ್ದ ಅರ್ಥ ಒಂದೇ. ಒಂದು ಪದ ಹೊರಗುಳಿದರೂ ಅವರು ಪಾಟಿಯ ಮೇಲೆ ಅಡ್ಡಗೆರೆ ಎಳೆಯುತ್ತಿದ್ದರು.

ವಿಕಿರಣ ರಕ್ಷಣೆಗೆ ಬೇಕಾದುದು ಈ ಅರ್ಥವೇ. ಬಾಗಲಕೋಟೆಯ ಖಾಸಗಿ ಆಸ್ಪತ್ರೆಯೊಂದರ ಎಕ್ಸ್‌ರೇ ಯಂತ್ರಕ್ಕೆ 2004ರ ವಿಕಿರಣ ರಕ್ಷಣಾ ನಿಯಮಗಳಡಿ ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಆಸ್ಪತ್ರೆಗೆ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲೆಯಲ್ಲಿ ನೋಂದಣಿಯಾಗಬೇಕು. ಪಕ್ಕದ ಕೋಣೆಯ ಸೋನೋಗ್ರಫಿ ಯಂತ್ರ ಎಕ್ಸ್‌ರೇಯಂತೆ ಅಯಾನೀಕರಿಸುವ (ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುವ) ವಿಕಿರಣವನ್ನೇ ಸೂಸುವುದಿಲ್ಲವಾದ್ದರಿಂದ ಮಂಡಳಿಯ ಕೈಗೆ ಬಾರದೆ, ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಗೆ ಒಳಪಡುತ್ತದೆ. ಈ ಮೂರನ್ನು ಕಲಸಿ ಒಂದು ಮಾಡಬೇಕಾಗಿಲ್ಲ. ನೋಂದಣಿಗೆ ಸಹಿ ಹಾಕುವವರು ‘ಯಂತ್ರದ ಪರವಾನಗಿ ಎಲ್ಲಿದೆ?’ ಎಂದು ಕೇಳಿದರೆ, ಆ ಒಂದು ಪ್ರಶ್ನೆಯೇ ಸಮನ್ವಯ.

ಅಮೆರಿಕದಲ್ಲಿ, ಪರಮಾಣು ಕೆಲಸ ಮುಗಿಸಿ ಶುದ್ಧಗೊಳಿಸಿದ ಜಾಗದಿಂದ ಜನರಿಗೆ ತಗಲಬಹುದಾದ ವಿಕಿರಣದ ಮಿತಿ ವರ್ಷಕ್ಕೆ 15 ಮಿಲಿರೆಮ್ (ಮೈಗೆ ತಗಲುವ ವಿಕಿರಣದ ಅಳತೆ) ಎಂದು ಪರಿಸರ ಸಂರಕ್ಷಣಾ ಸಂಸ್ಥೆಯೂ, 25 ಎಂದು ಪರಮಾಣು ನಿಯಂತ್ರಣ ಆಯೋಗವೂ ಪಟ್ಟು ಹಿಡಿದಿದ್ದವು. ವಿಕಿರಣ ಮಾನಕಗಳಲ್ಲಿನ ಇಂಥ ಭೇದಗಳಿಗಾಗಿ 1995ರಲ್ಲಿ ಅಂತರ ಸಂಸ್ಥಾ ಸಮಿತಿಯೊಂದು ರಚನೆಯಾಯಿತು. 2002ರಲ್ಲಿ ಆ ಎರಡೂ ಸಂಸ್ಥೆಗಳು, ಯಾವ ಸಂದರ್ಭದಲ್ಲಿ ಆಯೋಗವು ಸಂರಕ್ಷಣಾ ಸಂಸ್ಥೆಯನ್ನು ಕೇಳಬೇಕೆಂಬುದನ್ನು ಬರೆದು ಒಪ್ಪಿಕೊಂಡವು. ಇದನ್ನು ಸಹಕಾರ ಎಂದಷ್ಟೇ ಕರೆದರೆ ಸಾಲದು.

ನಮ್ಮಲ್ಲಿ 2010ರಲ್ಲಿ, ದೆಹಲಿಯ ವಿಶ್ವವಿದ್ಯಾಲಯವೊಂದು ವರ್ಷಗಟ್ಟಲೆ ಬಳಸದೆ ಇಟ್ಟಿದ್ದ, ವಿಕಿರಣ ಸೂಸುವ ಕೋಬಾಲ್ಟ್-60 ತುಂಬಿದ ಉಪಕರಣವನ್ನು ಹಳೆಯ ಸಾಮಾನೆಂದು ಹರಾಜು ಹಾಕಿತು. ಹಳೆಯ ಸಾಮಾನು ಮಾರುವ ನಿಯಮ ಒಂದು, ವಿಕಿರಣ ಆಕರವನ್ನು ವಿಲೇವಾರಿ ಮಾಡುವ ನಿಯಮ ಇನ್ನೊಂದು. ಹರಾಜಿನಲ್ಲಿ ಎರಡನೆಯದು ಹೊರಗೇ ಉಳಿಯಿತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದ ಮೇಲೆ ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು.