ಹಾಜರಿ ಹಾಕದ ಡ್ರೈವರ್

ಸರ್ವರ್‌ನಲ್ಲಿ ಇಂಟೆಲ್ 82599 ನೆಟ್‌ವರ್ಕ್ ಕಾರ್ಡ್ ಇದೆ. ಯಂತ್ರದಲ್ಲಿರುವ ಕಾರ್ಡ್‌ಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟರೆ ಅದರ ಹೆಸರೂ ಕಾಣುತ್ತದೆ. ಅದನ್ನು ನಡೆಸುವ ಡ್ರೈವರ್ ಕಡತ ಡಿಸ್ಕ್‌ನಲ್ಲಿದೆ. ಪ್ರೋಗ್ರಾಂ ಯಾವ ತಕರಾರೂ ಇಲ್ಲದೆ ಕಂಪೈಲ್ ಆಗಿದೆ. ಓಡಿಸಿದರೆ ಮಾತ್ರ ‘ನೋ ಈಥರ್ನೆಟ್ ಪೋರ್ಟ್ಸ್ - ಬೈ’ ಎಂದು ನಿಂತುಬಿಡುತ್ತದೆ. ಕೇಬಲ್ ಬದಲಿಸುವುದು, ಕಾರ್ಡ್ ಕಿತ್ತು ಬೇರೆ ಸ್ಲಾಟಿಗೆ ಹಾಕುವುದು ಎಲ್ಲ ಶುರುವಾಗುವುದು ಇಲ್ಲಿಂದಲೇ. ಆದರೆ ಎಷ್ಟೋ ಸಲ ಕಾರ್ಡ್‌ನದೇನೂ ತಪ್ಪಿರುವುದಿಲ್ಲ. ಪ್ರೋಗ್ರಾಂ ಮತ್ತು ಡ್ರೈವರ್ ಒಂದನ್ನೊಂದು ಭೇಟಿಯೇ ಆಗಿರುವುದಿಲ್ಲ.

ಇದು ಡಿಪಿಡಿಕೆ (ಡೇಟಾ ಪ್ಲೇನ್ ಡೆವಲಪ್‌ಮೆಂಟ್ ಕಿಟ್) ಬಳಸುವವರಿಗೆ ಚೆನ್ನಾಗಿ ಗೊತ್ತಿರುವ ಸಂಕಟ. ಇಂಟೆಲ್‌ನಲ್ಲಿ ಹುಟ್ಟಿ, 2017ರಲ್ಲಿ ಲಿನಕ್ಸ್ ಫೌಂಡೇಶನ್‌ನ ಅಡಿಗೆ ಬಂದ ತಂತ್ರಾಂಶ ಇದು. ಪ್ಯಾಕೆಟ್‌ಗಳನ್ನು ಲಿನಕ್ಸ್ ಕರ್ನಲ್ (ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಮೂಲಕ ಹಾಯಿಸದೆ ಕಾರ್ಡ್‌ನಿಂದ ನೇರವಾಗಿ ಪ್ರೋಗ್ರಾಂಗೆ ತಲುಪಿಸುವುದು ಇದರ ಕೆಲಸ. ಹಾಗಾಗಿ ಡ್ರೈವರ್ ಕೂಡ ಕರ್ನಲ್‌ನಲ್ಲಿರದೆ ಮಾಮೂಲಿ ಲೈಬ್ರರಿ ಕಡತವಾಗಿರುತ್ತದೆ. ತೊಡಕಿನ ಬೇರು ಇರುವುದು ಇಲ್ಲೇ.

ಸಾಧಾರಣ ಲೈಬ್ರರಿಯಾದರೆ ಪ್ರೋಗ್ರಾಂ ಅದರ ಫಂಕ್ಷನ್‌ಗಳನ್ನು ಹೆಸರು ಹಿಡಿದು ಕರೆಯುತ್ತದೆ. ಡಿಪಿಡಿಕೆ ಡ್ರೈವರನ್ನು ಹಾಗೆ ಯಾರೂ ಕರೆಯುವುದಿಲ್ಲ. ಡ್ರೈವರ್ ಒಳಗೆ ಕನ್‌ಸ್ಟ್ರಕ್ಟರ್ ಎಂಬ ಪುಟ್ಟ ಫಂಕ್ಷನ್ ಇರುತ್ತದೆ. ಲೈಬ್ರರಿ ಮೆಮೊರಿಗೆ ಬಂದ ಕ್ಷಣವೇ ಅದು ತಾನಾಗಿ ಓಡಿ, ‘ಇಂತಿಂಥ ಕಾರ್ಡ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಒಂದು ಪಟ್ಟಿಗೆ ಸೇರಿಕೊಳ್ಳುತ್ತದೆ. ಶಾಲೆಯ ಹಾಜರಿ ಪುಸ್ತಕದ ಹಾಗೆ. ಕೊಠಡಿಗೇ ಬರದವನ ಹೆಸರು ಪುಸ್ತಕದಲ್ಲಿ ಇರುವುದಿಲ್ಲ.

ಈಗ ಪ್ರೋಗ್ರಾಂಗೆ ಲೈಬ್ರರಿಗಳನ್ನು ಜೋಡಿಸುವ ಲಿಂಕರ್ ಇದನ್ನು ಹೇಗೆ ನೋಡುತ್ತದೆ ಗಮನಿಸಿ. ಉಬುಂಟುವಿನಲ್ಲಿ ಲಿಂಕರ್ ‘ಆಸ್-ನೀಡೆಡ್’ ಎಂಬ ಆಯ್ಕೆಯೊಂದಿಗೇ ಓಡುತ್ತದೆ. ಯಾರೂ ಕರೆಯದ ಹಂಚಿಕೆಯ (ಶೇರ್ಡ್, ಅಂದರೆ ಪ್ರೋಗ್ರಾಂ ಓಡುವಾಗ ಸೇರುವ) ಲೈಬ್ರರಿಯನ್ನು ಅದು ಅವಶ್ಯಕತೆಯ ಪಟ್ಟಿಯಿಂದ ಬಿಟ್ಟುಬಿಡುತ್ತದೆ. ಆಜ್ಞೆಯಲ್ಲಿ ನೀವು ಡ್ರೈವರ್ ಹೆಸರನ್ನು ಬರೆದಿದ್ದರೂ ಅಷ್ಟೇ, ದೋಷ ಸಂದೇಶವೂ ಇಲ್ಲ, ಎಚ್ಚರಿಕೆಯೂ ಇಲ್ಲ. ಲೈಬ್ರರಿಯನ್ನು ಪ್ರೋಗ್ರಾಂ ಕಡತದೊಳಗೇ ಸೇರಿಸುವ ಸ್ಟ್ಯಾಟಿಕ್ ಲಿಂಕ್‌ನಲ್ಲೂ ಇದೇ ಕಥೆ: ಯಾರೂ ಕೇಳದ ತುಣುಕನ್ನು ಲಿಂಕರ್ ಒಳಗೆ ಸೇರಿಸುವುದಿಲ್ಲ. ಅದಕ್ಕೇ ಸ್ಟ್ಯಾಟಿಕ್ ಆಗಿ ಕಟ್ಟುವಾಗ ಡ್ರೈವರ್‌ಗಳ ಸುತ್ತ ಎಲ್ಲ ತುಣುಕುಗಳನ್ನೂ ಸೇರಿಸೆನ್ನುವ ‘ಹೋಲ್-ಆರ್ಕೈವ್’ ಆಯ್ಕೆ ಇರಲೇಬೇಕು. ಲಿಂಕ್ ಆಯ್ಕೆಗಳನ್ನು ತಿಳಿಸುವ ಪಿಕೆಜಿ-ಕಾನ್ಫಿಗ್‌ಗೆ ‘ಸ್ಟ್ಯಾಟಿಕ್’ ಎಂದು ಹೇಳಿ ಲಿಬ್‌ಡಿಪಿಡಿಕೆ ಕೇಳಿದರೆ ಈ ಸಾಲನ್ನು ಅದೇ ಸರಿಯಾಗಿ ಕೊಡುತ್ತದೆ. ಕೈಯಾರೆ ಬರೆಯಲು ಹೋಗಬೇಡಿ.

ಹಂಚಿಕೆಯ ಲೈಬ್ರರಿಗಳಿಗೆ ಡಿಪಿಡಿಕೆ ಬೇರೆ ದಾರಿ ಮಾಡಿಕೊಂಡಿದೆ. ಪ್ರೋಗ್ರಾಂ ಶುರುವಾಗುವಾಗ ಒಂದು ನಿಗದಿತ ಡೈರೆಕ್ಟರಿಯಲ್ಲಿರುವ ಡ್ರೈವರ್‌ಗಳನ್ನೆಲ್ಲ ತಾನೇ ತೆರೆದು ಒಳಕ್ಕೆ ಎಳೆದುಕೊಳ್ಳುತ್ತದೆ. 23.11ರ ಆವೃತ್ತಿಯಲ್ಲಿ ಆ ಡೈರೆಕ್ಟರಿಯ ಹೆಸರು ‘ಪಿಎಂಡಿಎಸ್-24.0’ (24 ಆ ಆವೃತ್ತಿಯ ಲೈಬ್ರರಿಗಳ ಸಂಖ್ಯೆ). ಅದರ ಪೂರ್ತಿ ವಿಳಾಸ ಕಟ್ಟುವಾಗಲೇ ಲೈಬ್ರರಿಯೊಳಗೆ ಬರೆದುಹೋಗಿರುತ್ತದೆ. ಡೈರೆಕ್ಟರಿಯನ್ನು ಆಮೇಲೆ ಬೇರೆಡೆಗೆ ಸಾಗಿಸಿದರೆ ಪ್ರೋಗ್ರಾಂಗೆ ಅದು ತಿಳಿಯುವುದಿಲ್ಲ.

ಕಂಟೇನರ್ ಕಟ್ಟುವವರು ಎಡವುವುದು ಬಹಳಷ್ಟು ಸಲ ಇಲ್ಲೇ. ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು ಪಟ್ಟಿ ಮಾಡುವ ಎಲ್‌ಡಿಡಿ ಓಡಿಸಿ, ಅದು ತೋರಿಸಿದ ಲೈಬ್ರರಿಗಳನ್ನಷ್ಟೇ ಚಿಕ್ಕ ಇಮೇಜ್‌ಗೆ ನಕಲು ಮಾಡುತ್ತಾರೆ. ಎಲ್‌ಡಿಡಿ ಹೇಳುವುದು ಕಡತದಲ್ಲಿ ಬರೆದಿರುವ ಅವಶ್ಯಕತೆಗಳನ್ನು ಮಾತ್ರ. ಓಡುವಾಗ ತೆರೆಯುವ ಡ್ರೈವರ್‌ಗಳು ಆ ಪಟ್ಟಿಗೆ ಬರುವುದೇ ಇಲ್ಲ. ಡೈರೆಕ್ಟರಿಯನ್ನು ಇಡಿಯಾಗಿ, ಅದೇ ವಿಳಾಸಕ್ಕೆ ನಕಲು ಮಾಡಬೇಕು. ಬರೀ ಕಾರ್ಡ್‌ನ ಡ್ರೈವರ್ ಒಂದನ್ನೇ ತಂದರೆ ಸಾಲದು. ಪಿಸಿಐ ಬಸ್ಸನ್ನು ಹುಡುಕುವ ಭಾಗವೂ ಒಂದು ಡ್ರೈವರೇ, ಪ್ಯಾಕೆಟ್ ಬಫರ್‌ಗಳ ಕೊಳವನ್ನು ನಿಭಾಯಿಸುವ ‘ಮೆಂಪೂಲ್ ರಿಂಗ್’ ಕೂಡ ಡ್ರೈವರೇ. ಕೊನೆಯದು ಬಿಟ್ಟುಹೋದರೆ ‘ಎರರ್ ಸೆಟ್ಟಿಂಗ್ ಮೆಂಪೂಲ್ ಹ್ಯಾಂಡ್ಲರ್’ ಎಂಬ ಸಂದೇಶ ಬರುತ್ತದೆ. ಅದನ್ನು ಓದಿದವರು ಮೆಮೊರಿ ಸಾಲದೆಂದು ಹ್ಯೂಜ್‌ಪೇಜ್ (ಮೆಮೊರಿಯ ದೊಡ್ಡ ಪುಟಗಳು) ಹೆಚ್ಚಿಸುತ್ತಾ ಕೂರುತ್ತಾರೆ. ಮೆಮೊರಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಪರೀಕ್ಷೆ ಎಲ್ಲಿಂದ? ಪ್ರೋಗ್ರಾಂ ಶುರುವೇ ಆಗದೆ ‘ಎಲ್‌ಐಬಿ ಆರ್‌ಟಿಇ ಇಎಎಲ್ ಡಾಟ್ ಎಸ್ಒ ಡಾಟ್ 24’ ಕಡತ ಸಿಗಲಿಲ್ಲ ಎಂದರೆ ಅದು ಓಡುವ ಮುನ್ನ ಲೈಬ್ರರಿಗಳನ್ನು ಮೆಮೊರಿಗೆ ತರುವ ಲೋಡರ್‌ನ ದೂರು. ಇಎಎಲ್ ಎಂದರೆ ಡಿಪಿಡಿಕೆಯ ತಳಹದಿಯ ಲೈಬ್ರರಿ. ಸ್ಥಳೀಯವಾಗಿ ಕಟ್ಟಿದ ಲೈಬ್ರರಿಗಳು ‘ಯುಎಸ್ಆರ್ ಲೋಕಲ್’ ಕೆಳಗೆ ಕೂರುತ್ತವೆ. ಲೋಡರ್‌ನ ಪಟ್ಟಿಯನ್ನು ಹೊಸದಾಗಿಸುವ ಎಲ್‌ಡಿಕಾನ್ಫಿಗ್ ಒಮ್ಮೆ ಓಡಿಸಿದರೆ ಸಾಮಾನ್ಯವಾಗಿ ಸಾಕು. ರೆಡ್ ಹ್ಯಾಟ್ ಬಳಗದ ವ್ಯವಸ್ಥೆಗಳಲ್ಲಿ ಆ ಡೈರೆಕ್ಟರಿಯನ್ನು ಮೊದಲು ಲೋಡರ್‌ನ ಪಟ್ಟಿಗೆ ಸೇರಿಸಬೇಕು. ಲೈಬ್ರರಿ ಹುಡುಕುವ ಜಾಗವನ್ನು ಹೇಳುವ ‘ಎಲ್‌ಡಿ ಲೈಬ್ರರಿ ಪಾತ್’ ವೇರಿಯಬಲ್ ನಂಬಿ ಕೂತರೆ ಕೈಕೊಡುತ್ತದೆ, ಏಕೆಂದರೆ ಸುಡೋ ಆ ವೇರಿಯಬಲ್ಲನ್ನು ಅಳಿಸಿಹಾಕುತ್ತದೆ. ಸೆಟ್‌ಕ್ಯಾಪ್‌ನಿಂದ ವಿಶೇಷ ಅಧಿಕಾರ ಕೊಟ್ಟ ಪ್ರೋಗ್ರಾಂನಲ್ಲಿ ಲೋಡರೇ ಅದನ್ನು ಕಡೆಗಣಿಸುತ್ತದೆ.

ಶುರುವಾಯಿತು, ಪೋರ್ಟ್ ಮಾತ್ರ ಇಲ್ಲ ಎಂದಾದರೆ ಲಾಗ್‌ನ ಮೊದಲ ಕೆಲವು ಸಾಲು ನೋಡಿ. ‘ಡಿಟೆಕ್ಟೆಡ್ ಶೇರ್ಡ್ ಲಿಂಕೇಜ್’ ಅಥವಾ ‘ಸ್ಟ್ಯಾಟಿಕ್ ಲಿಂಕೇಜ್’ ಎಂದು ಅಲ್ಲಿರುತ್ತದೆ. ಸ್ಟ್ಯಾಟಿಕ್ ಎಂದಿದ್ದರೆ ನಿಗದಿತ ಡೈರೆಕ್ಟರಿಯನ್ನು ಅದು ತೆರೆಯುವುದೇ ಇಲ್ಲ. ಶೇರ್ಡ್ ಎಂದಿದ್ದರೆ ಇಎಎಲ್‌ನ ಲಾಗ್ ಮಟ್ಟವನ್ನು ಡಿಬಗ್‌ಗೆ ಏರಿಸಿ ಮತ್ತೆ ಓಡಿಸಿ. ತೆರೆದ ಪ್ರತಿ ಡ್ರೈವರ್‌ಗೂ ‘ಓಪನ್ ಶೇರ್ಡ್ ಲಿಬ್’ ಎಂಬ ಒಂದು ಸಾಲು ಬರುತ್ತದೆ. ಒಂದೂ ಬರದಿದ್ದರೆ ‘ಡಿ’ ಆಯ್ಕೆಯಿಂದ ಡೈರೆಕ್ಟರಿಯ ವಿಳಾಸವನ್ನು ನೀವೇ ಕೊಡಿ. ಆ ಡೈರೆಕ್ಟರಿಗೆ ಯಾರು ಬೇಕಾದರೂ ಬರೆಯಬಹುದೆಂಬ ಅನುಮತಿ ಇದ್ದರೆ ಡಿಪಿಡಿಕೆ ಅದನ್ನು ಮುಟ್ಟುವುದಿಲ್ಲ, ಮತ್ತು ಅದು ಸರಿಯಾದ ನಿಲುವು. ಕಾರ್ಡ್ ಮೇಲೆ ಪೂರ್ತಿ ಹಿಡಿತವಿರುವ ಪ್ರೋಗ್ರಾಂಗೆ ಕಂಡವರ ಕಡತ ತುರುಕಲು ಬಿಡಬಾರದು.

ಎಲ್ಲಕ್ಕಿಂತ ಗೊಂದಲದ್ದು ಎರಡು ಹಾಜರಿ ಪುಸ್ತಕಗಳ ಪ್ರಸಂಗ. ಪ್ರೋಗ್ರಾಂ 24ರ ಲೈಬ್ರರಿಗೆ ಲಿಂಕ್ ಆಗಿದೆ, ಎಲ್ಲಿಂದಲೋ ತಂದ ಡ್ರೈವರ್ 23ರದು ಎಂದುಕೊಳ್ಳಿ. ಹಳೆಯ ಪ್ಯಾಕೇಜ್ ಯಂತ್ರದಲ್ಲಿ ಉಳಿದಿದ್ದರೆ ಲೋಡರ್ ಎರಡನೆಯ ಇಎಎಲ್ ಅನ್ನೂ ಅದೇ ಪ್ರೋಗ್ರಾಂನೊಳಗೆ ತಂದುಬಿಡಬಹುದು. ಆಗ ಡ್ರೈವರ್ ಹೆಸರು ಬರೆಯುವುದು ಒಂದು ಪುಸ್ತಕದಲ್ಲಿ, ಪ್ರೋಗ್ರಾಂ ಓದುವುದು ಇನ್ನೊಂದರಲ್ಲಿ! ಓಡುತ್ತಿರುವ ಪ್ರಕ್ರಿಯೆಯ ‘ಮ್ಯಾಪ್ಸ್’ ಕಡತದಲ್ಲಿ ಎರಡು ಇಎಎಲ್ ಕಂಡರೆ ಇದೇ ಕಾರಣ. ಹಳೆಯದನ್ನು ತೆಗೆದು, ಡ್ರೈವರನ್ನು ಅದೇ ಆವೃತ್ತಿಯ ಮೂಲದಿಂದ ಕಟ್ಟಿಕೊಳ್ಳಿ.

ಡ್ರೈವರ್ ಹಾಜರಿದ್ದೂ ಪೋರ್ಟ್ ಕಾಣದಿದ್ದಾಗ ಮಾತ್ರ ಕಾರ್ಡ್‌ನತ್ತ ತಿರುಗಿ. ಯಾವ ಕಾರ್ಡ್ ಯಾರ ಕೈಯಲ್ಲಿದೆ ಎಂದು ತೋರಿಸುವ ಡಿಪಿಡಿಕೆ-ಡೆವ್‌ಬೈಂಡ್ ‘ಸ್ಟೇಟಸ್’ ಕೇಳಿದಾಗ 82599 ಇನ್ನೂ ಕರ್ನಲ್ ಡ್ರೈವರ್‌ನ ಕೈಯಲ್ಲಿದ್ದರೆ ಕಾರ್ಡನ್ನು ಪ್ರೋಗ್ರಾಂಗೆ ಬಿಟ್ಟುಕೊಡುವ ವಿಎಫ್‌ಐಒ-ಪಿಸಿಐಗೆ ಕಟ್ಟಬೇಕು. ಅದೇ ಸಲಹೆಯನ್ನು ಮೆಲನಾಕ್ಸ್ ಕಾರ್ಡ್‌ಗೆ ಅನ್ವಯಿಸಿದರೆ ಇದ್ದದ್ದೂ ಕೆಡುತ್ತದೆ. ಅದರ ಡ್ರೈವರ್ ಕರ್ನಲ್‌ನ ಜೊತೆಯಲ್ಲೇ ಕೆಲಸ ಮಾಡುವಂಥದ್ದು. ಅದಕ್ಕೆ ಆರ್‌ಡಿಎಂಎ-ಕೋರ್ ಲೈಬ್ರರಿಗಳೂ ಬೇಕು. ಕಟ್ಟುವ ಹೊತ್ತಿನಲ್ಲಿ ಅವು ಇರದಿದ್ದರೆ ಡಿಪಿಡಿಕೆಯನ್ನು ಕಟ್ಟುವ ಸಾಧನವಾದ ಮೆಸಾನ್ ಆ ಡ್ರೈವರನ್ನು ಬಿಟ್ಟು ಮುಂದೆ ಹೋಗುತ್ತದೆ, ‘ಕಂಟೆಂಟ್ ಸ್ಕಿಪ್ಡ್’ ಎಂಬ ಪಟ್ಟಿಯಲ್ಲಿ ಕಾರಣವನ್ನೂ ಬರೆದು.