ಹಟ್ಟಿ ಅಂದರೆ ಏನು?

ತುಮಕೂರಿನಿಂದ ಶಿರಾ ಕಡೆ ಹೋದರೆ ಎಷ್ಟೊಂದು ಊರಿನ ಹೆಸರುಗಳ ಕೊನೆಗೆ 'ಗೊಲ್ಲರಹಟ್ಟಿ' ಅಂತ ಇರುತ್ತದೆ, ಅಲ್ವಾ? ಊರಿಗೆ ಅಂಟಿಕೊಂಡ ಕೇರಿ ಇರಬೇಕು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಹಟ್ಟಿ ತಾನೇ ಒಂದು ಊರು.

ಈ ಪದದ ಹಳೆಯ ರೂಪ 'ಪಟ್ಟಿ'. ದನ, ಕುರಿ ಕೂಡುವ ದೊಡ್ಡಿ ಅಂತ ಅರ್ಥ. 'ಪಾಲು' ಹಾಲಾದ ಹಾಗೆ ಪಟ್ಟಿ ಹಟ್ಟಿಯಾಯಿತು. ತಮಿಳಿನಲ್ಲಿ ಹಳೆಯ ರೂಪವೇ ಉಳಿದಿದೆ, ಕೋವಿಲ್‌ಪಟ್ಟಿ ನೆನಪಿಸಿಕೊಳ್ಳಿ. ಕರಾವಳಿಯಲ್ಲಿ ಇವತ್ತಿಗೂ ಹಟ್ಟಿ ಅಂದರೆ ಕೊಟ್ಟಿಗೆ. ನಮ್ಮ ಕಡೆ ದನದ ಜೊತೆ ಬದುಕಿದ ಜನರ ನೆಲೆಗೂ ಅದೇ ಹೆಸರು ನಿಂತಿತು.

ಆ ಜನ ಕಾಡುಗೊಲ್ಲರು. ಊರುಗೊಲ್ಲರೇ ಬೇರೆ, ಇವರೇ ಬೇರೆ. ಹಳೆಯ ಹಟ್ಟಿಗಳ ಸುತ್ತ ಮುಳ್ಳಿನ ಬೇಲಿ ಇರುತ್ತಿತ್ತು. ಒಳಗೆ ಮನೆ, ದೇವರ ಗುಡಿ, ದನಕುರಿಯ ರೊಪ್ಪ. ದನ ಕಾಯ್ದ ವೀರ ಜುಂಜಪ್ಪ ಇವರ ದೇವರು. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನ ನೆಲೆ ಇದೆ. ಗಣೆ ಅನ್ನುವ ಉದ್ದನೆಯ ಬಿದಿರಿನ ಕೊಳಲು ಊದುತ್ತಾ ಅವನ ಕಥೆ ಹಾಡುತ್ತಾರೆ. ಇಷ್ಟು ದೊಡ್ಡ ಕಾವ್ಯ ಬಾಯಿಂದ ಬಾಯಿಗೇ ಉಳಿದು ಬಂದಿದೆ. ನೆರೆಯ ಚಳ್ಳಕೆರೆ ಕಡೆಯ ಜನಪದ ಹಾಡುಗಾರ್ತಿ ಸಿರಿಯಜ್ಜಿಯ ನಾಲಿಗೆಯಲ್ಲಿ ಸಾವಿರಾರು ಹಾಡುಗಳಿದ್ದವು. ನನಗೆ ಹಟ್ಟಿ ಅಂದರೆ ಮೊದಲು ನೆನಪಾಗುವುದು ಈ ಹಾಡುಗಳೇ.

ನೋವಿನ ಮಾತೂ ಇದೆ. ಬಾಣಂತಿಯನ್ನು ಸೂತಕ ಅಂತ ಹಟ್ಟಿಯಿಂದ ಆಚೆ ಇಡುವ ರೂಢಿ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ಹೊರಗೆ, ಮಳೆಗಾಲದಲ್ಲಿ ಗುಡಿಸಲಿನಲ್ಲಿದ್ದ ಹಸುಗೂಸು ತೀರಿಕೊಂಡಿತು. ಹಾಡನ್ನು ಪ್ರೀತಿಸುವವರು ಆ ತಾಯಿಯ ಪರವಾಗಿಯೂ ನಿಲ್ಲಬೇಕು. ಸುಮ್ನೆ ಬೈದರೆ ಆಗಲ್ಲ, ಮನೆಮನೆಗೆ ಹೋಗಿ ಕೂತು ಮಾತಾಡಬೇಕು.

ಆಗಸ್ಟ್ 9 ವಿಶ್ವ ಆದಿವಾಸಿ ದಿನ. 1994ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ್ದು. ಅವತ್ತು ಭಾಷಣ ಜಾಸ್ತಿ. ಕಾಡುಗೊಲ್ಲರು ಪರಿಶಿಷ್ಟ ಪಂಗಡಕ್ಕೆ ಸೇರಬೇಕು ಅಂತ ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ರಾಜ್ಯ ಸರ್ಕಾರ ಶಿಫಾರಸು ಕೂಡ ಮಾಡಿದೆ. ಇನ್ನು ತಾಂಡಾ, ಹಾಡಿ, ಗೊಲ್ಲರಹಟ್ಟಿಗಳನ್ನು ಕಂದಾಯ ಗ್ರಾಮ, ಅಂದರೆ ಸರ್ಕಾರದ ದಾಖಲೆಯಲ್ಲಿರುವ ಊರು, ಮಾಡಿ, ಅಲ್ಲಿ ವಾಸ ಇರುವವರಿಗೆ ಮನೆಯ ಹಕ್ಕು ಕೊಡಲು ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯೂ ಆಗಿದೆ. ನಿಮ್ಮ ಪಕ್ಕದ ಹಟ್ಟಿಯವರಿಗೆ ಹಕ್ಕುಪತ್ರ ಸಿಕ್ಕಿದೆಯಾ? ಇಲ್ಲ ಅಂದರೆ ಅರ್ಜಿ ಬರೆಯಲು ಅವರ ಜೊತೆ ಕೂತುಕೊಳ್ಳಿ.