1995ರ ಗೇಮ್ ಓಡುತ್ತದೆ, 2008ರದ್ದು ಓಡುವುದಿಲ್ಲ: ಹಳೆ ಆಟ ಕೊಳ್ಳುವ ಮುನ್ನ

ಜಿಟಿಎ ವೈಸ್ ಸಿಟಿ ಎಂಬ ಹಳೆ ಕಂಪ್ಯೂಟರ್ ಆಟದ ಡಬ್ಬಿಯ ಹಿಂದೆ 800 ಮೆಗಾಹರ್ಟ್ಸ್ ಪೆಂಟಿಯಂ 3, 128 ಎಂಬಿ ರ‍್ಯಾಮ್, 32 ಎಂಬಿ ಗ್ರಾಫಿಕ್ಸ್ ಕಾರ್ಡ್ ಬೇಕು ಎಂದು ಬರೆದಿದೆ. ಇಂದು ಹುಬ್ಬಳ್ಳಿಯ ವಿದ್ಯಾನಗರದ ಹಾಸ್ಟೆಲ್‌ಗಳಲ್ಲಿರುವ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಇದರ ಹತ್ತಾರು ಪಟ್ಟು ರ‍್ಯಾಮ್ ಇರುತ್ತದೆ. ಹಾಗಿದ್ದರೂ ಡಬಲ್ ಕ್ಲಿಕ್ ಮಾಡಿದರೆ ಒಮ್ಮೆ ಪರದೆ ಕಪ್ಪಾಗಿ ವಾಪಸ್ ಡೆಸ್ಕ್‌ಟಾಪ್ ಬರುತ್ತದೆ, ಇಲ್ಲವೇ ಆಟ ಶುರುವಾಗಿ ಮೌಸ್ ಮಾತ್ರ ಸತ್ತಂತೆ ಕೂರುತ್ತದೆ. ಕನಿಷ್ಠ ಎಷ್ಟು ಬೇಕು ಅನ್ನುವುದು ಡಬ್ಬಿಯ ಮೇಲಿದೆ. ಆಟ ವಿಂಡೋಸ್‌ನ ಯಾವ ಭಾಗವನ್ನು, ನಕಲು ತಡೆಯುವ ಯಾವ ಬೀಗವನ್ನು, ಯಾವ ಸರ್ವರನ್ನು ನಂಬಿ ನಿಂತಿದೆ ಅನ್ನುವುದು ಇಲ್ಲ. ಕೊಳ್ಳುವವರು ವಿಚಾರಿಸಬೇಕಾದ್ದು ಇದನ್ನೇ. ವಯಸ್ಸು ನೋಡಿ ಅಳೆದರೆ ಲೆಕ್ಕ ತಪ್ಪುತ್ತದೆ. ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ ಆಟಗಳು ಇವತ್ತು ಸಲೀಸಾಗಿ ಓಡುತ್ತವೆ, ನಿಜವಾದ ತಲೆನೋವು 2000ದಿಂದ 2012ರ ನಡುವಿನವು.

ಮೊದಲ ತಕರಾರು ವೇಗದ್ದು. ಐಬಿಎಂನ ಮೊದಲ ಪಿಸಿ 4.77 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಆಗಿನ ಎಷ್ಟೋ ಆಟಗಳು ಗಡಿಯಾರ ನೋಡುತ್ತಿರಲಿಲ್ಲ, ಪ್ರೊಸೆಸರ್ ಸುತ್ತು ಹೊಡೆದಷ್ಟೇ ವೇಗದಲ್ಲಿ ಬೊಂಬೆ ಓಡುತ್ತಿತ್ತು. ಯಂತ್ರ ಬದಲಾದೊಡನೆ ಆಟ ಹುಚ್ಚುಕುದುರೆ. ಹಳೆ ಕ್ಯಾಬಿನೆಟ್‌ಗಳಲ್ಲಿದ್ದ ಟರ್ಬೊ ಬಟನ್ ಹುಟ್ಟಿದ್ದೇ ಇದಕ್ಕಾಗಿ: ಹೆಸರು ಟರ್ಬೊ, ನಿಜವಾಗಿ ಬೇಕಿದ್ದದ್ದು ಯಂತ್ರವನ್ನು ನಿಧಾನ ಮಾಡಲು. ಟರ್ಬೊ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳದ್ದು ಇನ್ನೊಂದು ಕಥೆ. ವಿಳಂಬ ಎಣಿಸಲು ಅವು ಶುರುವಿನಲ್ಲೇ ಪ್ರೊಸೆಸರ್‌ನ ವೇಗ ಅಳೆದು ಒಂದು ಭಾಗಾಕಾರ ಮಾಡುತ್ತಿದ್ದವು. ಯಂತ್ರ ಸುಮಾರು 200 ಮೆಗಾಹರ್ಟ್ಸ್ ದಾಟಿದಾಗ ಉತ್ತರ ಅದಕ್ಕೆ ಇಟ್ಟ ಜಾಗದಲ್ಲಿ ಹಿಡಿಸದೆ 'ರನ್‌ಟೈಮ್ ಎರರ್ 200' ಎಂದು ನಿಂತುಬಿಡುತ್ತಿದ್ದವು.

ಇದೆಲ್ಲ ಈಗ ಬಗೆಹರಿದ ವಿಷಯ. 2002ರಲ್ಲಿ ಬಂದ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಂ, ಹಳೆ ಪಿಸಿಯನ್ನೇ ಪೂರ್ತಿಯಾಗಿ ಅನುಕರಿಸುತ್ತದೆ. ಪ್ರೊಸೆಸರ್, ಸೌಂಡ್ ಬ್ಲಾಸ್ಟರ್ ಕಾರ್ಡ್, ಸಿಡಿ ಡ್ರೈವ್ ಎಲ್ಲವನ್ನೂ. ಆಟದ ಫೋಲ್ಡರನ್ನು ಸಿ ಡ್ರೈವ್ ಎಂದು 'ಮೌಂಟ್' ಮಾಡಿ, ಸಿಡಿಯ ಐಎಸ್‌ಒ ಫೈಲ್ (ಇಡೀ ಸಿಡಿಯ ನಕಲು) ಇದ್ದರೆ ಅದನ್ನು 'ಇಮ್‌ಜ್‌ಮೌಂಟ್' ಕಮಾಂಡಿನಿಂದ ಡಿ ಡ್ರೈವ್ ಎಂದು ಸೇರಿಸಿದರೆ ಆಯಿತು. ಆಟ ಓಡಾಡತೊಡಗಿದ ಮೇಲೆ ಕಂಟ್ರೋಲ್ ಹಿಡಿದು ಎಫ್11 ಒತ್ತಿದರೆ ನಿಧಾನ, ಎಫ್12 ಒತ್ತಿದರೆ ಜೋರು. ಸರಿಹೊಂದಿದ ವೇಗದ 'ಸೈಕಲ್ಸ್' ಸಂಖ್ಯೆ ಕಿಟಕಿಯ ತಲೆಪಟ್ಟಿಯಲ್ಲಿ ಕಾಣುತ್ತದೆ, ಅದನ್ನು ಕಾನ್ಫಿಗ್ ಫೈಲ್‌ನಲ್ಲಿ ಬರೆದಿಟ್ಟರೆ ಮತ್ತೆ ಮುಟ್ಟಬೇಕಿಲ್ಲ. ಡಿಜಿಟಲ್ ಅಂಗಡಿಗಳು ಮಾರುವ ಡಾಸ್ ಆಟಗಳ ಹೊಟ್ಟೆಯಲ್ಲೂ ಬಹುತೇಕ ಇರುವುದು ಇದೇ ಡಾಸ್‌ಬಾಕ್ಸ್, ಸೆಟ್ಟಿಂಗ್ ಮೊದಲೇ ಮಾಡಿಟ್ಟದ್ದು.

1995ರ ಆಗಸ್ಟ್‌ನಲ್ಲಿ ವಿಂಡೋಸ್ 95 ಬಂದ ಮೇಲೆ ಗೊಂದಲದ ಜಾತಿ ಬದಲಾಯಿತು. ಆಟ ಈಗ ಯಂತ್ರದ ಜೊತೆ ನೇರ ಮಾತಾಡದೆ ವಿಂಡೋಸ್ ಮತ್ತು ಅದರ ಚಿತ್ರ-ಸದ್ದು ನೋಡಿಕೊಳ್ಳುವ ಡೈರೆಕ್ಟ್ಎಕ್ಸ್ ಮೂಲಕ ಮಾತಾಡತೊಡಗಿತು, ಅವು ಬದಲಾದಂತೆಲ್ಲ ಆಟದ ನೆಲ ಕುಸಿಯಿತು. 64 ಬಿಟ್ ವಿಂಡೋಸ್‌ನಲ್ಲಿ ವಿಂಡೋಸ್ 95ಕ್ಕೂ ಹಿಂದಿನ ಮಾದರಿಯ 16 ಬಿಟ್ ಪ್ರೋಗ್ರಾಂ ಓಡುವುದೇ ಇಲ್ಲ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಸೋಜಿಗವೆಂದರೆ ಆ ಕಾಲದ ಎಷ್ಟೋ ಸಿಡಿಗಳಲ್ಲಿ ಆಟ 32 ಬಿಟ್, ಸೆಟಪ್ ಮಾತ್ರ 16 ಬಿಟ್. ಒಳಗಿನ ಆಟ ಓಡಲು ತಯಾರಿದೆ, ಬಾಗಿಲಲ್ಲೇ ತಡೆ. ಸೆಟಪ್ ಮೇಲೆ ಒತ್ತಿದಾಗ 'ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ' ಎಂಬ ಸಂದೇಶ ಬಂದರೆ ಸಿಡಿ ಕೆಟ್ಟಿದೆ ಎಂದು ಎಸೆಯಬೇಡಿ. 32 ಬಿಟ್ ವಿಂಡೋಸ್ ಎಕ್ಸ್‌ಪಿ ಇರುವ ಯಾವುದಾದರೂ ಹಳೆ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ ತಂದರೆ ಅನೇಕ ಆಟಗಳು ಹಾಗೇ ಓಡುತ್ತವೆ. ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್‌ನಲ್ಲಂತೂ 64 ಬಿಟ್ ಯಂತ್ರದ ಮೇಲೂ 16 ಬಿಟ್ ಸೆಟಪ್ ನಡೆಯುತ್ತದೆ. ಹಳೆ ವಿಂಡೋಸ್ ಆಟಕ್ಕೆ ಹೊಸ ವಿಂಡೋಸ್‌ಗಿಂತ ಲಿನಕ್ಸ್ ವಾಸಿ ಅನ್ನುವ ಪರಿಸ್ಥಿತಿ ಇದೆ ಅಂದರೆ ನಗಬೇಕೋ ಅಳಬೇಕೋ.

ಇದೇ ಗುಂಪಿನ ಮೂರು ನಾಲ್ಕು ಸಣ್ಣ ರೋಗಗಳಿಗೆ ಮದ್ದು ಸುಲಭ. ಏಜ್ ಆಫ್ ಎಂಪೈರ್ಸ್‌ನ ಮೂಲ ಸಿಡಿಯಲ್ಲಿ ಹುಲ್ಲು ಕೆಂಪಾಗಿ ನೀರು ನೇರಳೆಯಾದರೆ ಅದು 256 ಬಣ್ಣಗಳ ಪಟ್ಟಿಯ ಗಲಾಟೆ: ಡೆಸ್ಕ್‌ಟಾಪ್ ನಡೆಸುವ ಎಕ್ಸ್‌ಪ್ಲೋರರ್ ಆಟದ ಬಣ್ಣಗಳ ಮೇಲೆ ತನ್ನ ಬಣ್ಣ ಬರೆಯುತ್ತದೆ. ಸಿಎನ್‌ಸಿ-ಡಿಡ್ರಾ ಎಂಬ ಉಚಿತ ಫೈಲನ್ನು ಆಟದ ಫೋಲ್ಡರಿಗೆ ಹಾಕಿದರೆ ಸರಿಹೋಗುತ್ತದೆ. 3ಡಿಎಫ್ಎಕ್ಸ್ ಕಾರ್ಡ್‌ಗಳಿಗಾಗಿ ಬರೆದ ಗ್ಲೈಡ್ ಆಟಗಳಿಗೆ ಡಿಜಿವೂಡೂ 2 ಎಂಬ ಪ್ರೋಗ್ರಾಂ ಇದೆ. ಆಟ 'ಡೈರೆಕ್ಟ್‌ಪ್ಲೇ' ಎಂಬ ವಿಂಡೋಸ್ ಭಾಗ ಕೇಳಿದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಂಡೋಸ್ ಫೀಚರ್ಸ್ ತೆರೆದು ಲೆಗಸಿ ಕಾಂಪೊನೆಂಟ್ಸ್ ಕೆಳಗೆ ಟಿಕ್ ಹಾಕಬೇಕು. 'ಡಿ3ಡಿಎಕ್ಸ್9' ಎಂದು ಶುರುವಾಗುವ ಫೈಲ್ ಇಲ್ಲ ಎಂದರೆ ಮೈಕ್ರೋಸಾಫ್ಟ್‌ನ 2010ರ ಜೂನ್‌ನ ಡೈರೆಕ್ಟ್ಎಕ್ಸ್ ರನ್‌ಟೈಮ್ ಹಾಕಬೇಕು. ಬಿಡಿ ಡಿಎಲ್‌ಎಲ್ ಫೈಲ್ ಹುಡುಕಿ ಸಿಕ್ಕಸಿಕ್ಕ ಕಡೆ ಇಳಿಸಿದರೆ ಜೊತೆಗೆ ವೈರಸ್ ಬಿಟ್ಟಿಯಾಗಿ ಬರುತ್ತದೆ. ಸೇವ್ ಮಾಡಿದ ಆಟ ಮಾಯವಾಗುತ್ತಿದ್ದರೆ, ವಿಸ್ಟಾದಿಂದೀಚೆಗೆ ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯಲು ಆಟಕ್ಕೆ ಪರವಾನಗಿ ಇಲ್ಲ ಎಂದರ್ಥ. ಸಿ ಡ್ರೈವ್‌ನಲ್ಲಿ 'ಗೇಮ್ಸ್' ಎಂಬ ಬೇರೆ ಫೋಲ್ಡರ್ ಮಾಡಿ ಅಲ್ಲಿ ಇನ್‌ಸ್ಟಾಲ್ ಮಾಡಿ.

ಸರಿ, ಬೀಗದ ವಿಷಯಕ್ಕೆ ಬರೋಣ. ಸಿಡಿ ನಕಲು ತಡೆಯಲು ಸೇಫ್‌ಡಿಸ್ಕ್, ಸೆಕ್ಯೂರಾಮ್, ಸ್ಟಾರ್‌ಫೋರ್ಸ್ ಬಂದವು. ಸೇಫ್‌ಡಿಸ್ಕ್ ಕೆಲಸ ಮಾಡುತ್ತಿದ್ದದ್ದು ವಿಂಡೋಸ್‌ನ ಒಳಮನೆಯಲ್ಲೇ ಕೂರುವ ಒಂದು ಡ್ರೈವರ್ ಮೂಲಕ. ಅದರಲ್ಲಿ ಭದ್ರತೆಯ ತೂತಿರುವುದು 2007ರಲ್ಲೇ ಬಯಲಾಗಿತ್ತು. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಆ ಡ್ರೈವರನ್ನು ಸೇರಿಸಲೇ ಇಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಒಂದು ಅಪ್‌ಡೇಟ್ ಮೂಲಕ ವಿಸ್ಟಾ, 7, 8ರಲ್ಲೂ ಅದನ್ನು ನಿಲ್ಲಿಸಲಾಯಿತು. ಒಂದು ಪೈಸೆಯೂ ಬಿಡದೆ ಒರಿಜಿನಲ್ ಕೊಂಡವರ ಸಿಡಿ ಅಂದಿನಿಂದ ಬರೀ ತಟ್ಟೆ. ಬೀಗ ಮುರಿದ ಡೂಪ್ಲಿಕೇಟ್ ಸಿಡಿ ಮಾತ್ರ ಓಡುತ್ತಲೇ ಇದೆ. ಪ್ರಾಮಾಣಿಕರಿಗೆ ಮಾತ್ರ ದಂಡ ಹಾಕಿದ ಈ ವ್ಯವಸ್ಥೆಯನ್ನು ಸಮರ್ಥಿಸುವುದು ಕಷ್ಟ.

ಹಾಗಂತ ಬೀಗ ಮುರಿಯುವ ಅಂತರಜಾಲದ ಕ್ರ್ಯಾಕ್ ಫೈಲ್ ಹಾಕುವುದು ದಾರಿಯಲ್ಲ, ಅವುಗಳಲ್ಲಿ ಏನಿರುತ್ತದೆ ಎಂದು ಯಾರೂ ಹೊಣೆ ಹೊರುವುದಿಲ್ಲ. ಮೊದಲು ಕಂಪನಿಯದೇ ಕೊನೆಯ ಪ್ಯಾಚ್ (ಆಟವನ್ನು ತಿದ್ದುವ ಫೈಲ್) ನೋಡಿ. ಸ್ಟಾರ್‌ಕ್ರಾಫ್ಟ್, ಡಯಾಬ್ಲೊ 2 ಎರಡಕ್ಕೂ 2008ರ ಅಧಿಕೃತ ಪ್ಯಾಚ್‌ಗಳೇ ಸಿಡಿಯ ಹಂಗು ಬಿಡಿಸಿದವು. ನಿಮ್ಮದೇ ಸಿಡಿಯನ್ನು ಹಾಳಾಗುವ ಮುನ್ನ ಐಎಸ್‌ಒ ಮಾಡಿಟ್ಟುಕೊಳ್ಳುವುದು ತಪ್ಪಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಕಾನೂನುಬದ್ಧವಾಗಿ ಪ್ರೋಗ್ರಾಂ ಹೊಂದಿದವರಿಗೆ, ನಷ್ಟವಾಗದಂತೆ ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಕಂಪನಿ ಕೈಬಿಟ್ಟ ಆಟ ಎಲ್ಲರದೂ ಎನ್ನುವ 'ಅಬಾಂಡನ್‌ವೇರ್' ಎಂಬುದಕ್ಕೆ ಮಾತ್ರ ಆ ಕಾಯ್ದೆಯಲ್ಲಿ ಜಾಗವಿಲ್ಲ. ಕಂಪನಿ ಮಾರುವುದನ್ನು ಬಿಟ್ಟರೂ ಹಕ್ಕು ಬಿಟ್ಟಂತಲ್ಲ.

ಸೆಕೆಂಡ್ ಹ್ಯಾಂಡ್ ಡಬ್ಬಿ ಕೊಳ್ಳುವಾಗ ಸಿಡಿಯನ್ನು ಬೆಳಕಿಗೆ ಎತ್ತಿ ಹಿಡಿದು ಎರಡೂ ಬದಿ ನೋಡಿ. ಎಲ್ಲರೂ ಕೆಳಗಿನ ಹೊಳೆಯುವ ಬದಿಯ ಗೀರಿಗೆ ಹೆದರುತ್ತಾರೆ, ಅದು ಪಾಲಿಶ್‌ಗೆ ಹೋಗಬಹುದು. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಮೇಲಿನ ಲೇಬಲ್‌ಗೆ ಅಂಟಿಕೊಂಡು. ಲೇಬಲ್ ಕಿತ್ತು ಸೂಜಿಮೊನೆಯಷ್ಟು ಬೆಳಕು ತೂರಿಬಂದರೂ ಅಷ್ಟು ಭಾಗ ಹೋದಂತೆಯೇ. ಡಿವಿಡಿಯಲ್ಲಿ ಪದರ ನಡುವೆ ಇರುವುದರಿಂದ ಈ ಭಯ ಕಡಿಮೆ. ಮನೆಯಲ್ಲಿ ಬರೆದ ಸಿಡಿ-ಆರ್‌ಗಳಲ್ಲಿ ಇರುವುದು ಬಣ್ಣದ ರಾಸಾಯನಿಕ, ಗದಗಿನ ಬೇಸಿಗೆಯಲ್ಲಿ ಕಿಟಕಿ ಪಕ್ಕ ಇಟ್ಟರೆ ಮೊದಲು ಸಾಯುವುದು ಅವೇ.

ಡಿಸ್ಕ್ ಚೆನ್ನಾಗಿದೆ ಎಂದು ದುಡ್ಡು ಕೊಡುವ ಮುನ್ನ ಡಬ್ಬಿಯ ಕೆಳಗಿನ ಸಣ್ಣ ಅಕ್ಷರ ಓದಿ. 2004ರ ನವೆಂಬರ್‌ನಲ್ಲಿ ಹಾಫ್-ಲೈಫ್ 2 ಆಟ ಬಂದಾಗಿನಿಂದ ಡಿಸ್ಕ್ ಇದ್ದರೂ ಡಬ್ಬಿಯಲ್ಲಿನ ಕೀಲಿ (ಆಟ ತೆರೆಯುವ ಸಂಕೇತ) ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಖಾತೆಗೆ ಸೇರುವ ಪದ್ಧತಿ ಶುರುವಾಯಿತು. ಒಬ್ಬರ ಖಾತೆಗೆ ಸೇರಿದ ಕೀಲಿ ಇನ್ನೊಬ್ಬರಿಗೆ ಬರುವುದಿಲ್ಲ, ಅಂಥ ಹಳೆ ಡಬ್ಬಿಗೆ ರದ್ದಿ ಬೆಲೆಯೇ ಹೆಚ್ಚು. 2008ರ ಸ್ಪೋರ್ ಆಟಕ್ಕೆ ಮೊದಲು ಮೂರೇ ಯಂತ್ರಗಳ ಮಿತಿ ಇತ್ತು, ಗದ್ದಲವಾದ ಮೇಲೆ ಐದಾಯಿತು. ಹಿಂದಿನ ಮಾಲೀಕರು ಎಷ್ಟು ಬಾರಿ ಫಾರ್ಮ್ಯಾಟ್ ಹೊಡೆಸಿದ್ದರೋ ಯಾರು ಬಲ್ಲರು! ಡಬ್ಬಿಯ ಮೇಲೆ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸೇವೆ 'ಗೇಮ್ಸ್ ಫಾರ್ ವಿಂಡೋಸ್ ಲೈವ್'ನ ಗುರುತಿದ್ದರೆ ಇನ್ನೂ ಎಚ್ಚರ. 2007ರಲ್ಲಿ ಶುರುವಾದ ಆ ಸೇವೆಯ ಅಂಗಡಿ 2013ರ ಆಗಸ್ಟ್‌ನಲ್ಲಿ ಮುಚ್ಚಿತು. ಆ ಗುರುತಿನ ಡಬ್ಬಿಗಳಲ್ಲಿ 'ಎಕ್ಸ್‌ಲೈವ್' ಫೈಲ್ ಇಲ್ಲ ಎಂಬ ದೂರು ಬರುವುದು ಆ ಸೇವೆಯ ಪ್ರೋಗ್ರಾಂ ಯಂತ್ರದಲ್ಲಿ ಇಲ್ಲದಿದ್ದಾಗ. ಜಿಟಿಎ 4ಕ್ಕೆ 2020ರಲ್ಲಿ, ಫಾಲ್‌ಔಟ್ 3ಕ್ಕೆ 2021ರಲ್ಲಿ ಈ ಗಂಟು ಬಿಚ್ಚಲಾಯಿತು, ಆದರೆ ಡಿಜಿಟಲ್ ಪ್ರತಿಗೆ. ಡಿಸ್ಕಿನಲ್ಲಿರುವ ಪ್ರತಿ ಮಾತ್ರ ಹಾಗೇ ಉಳಿಯಿತು. ಹಲವರು ಕೂಡಿ ಆಡುವ ಆಟಗಳಿಗೆ ಗೇಮ್‌ಸ್ಪೈ ಸರ್ವರ್‌ಗಳು 2014ರ ಮೇ ಕೊನೆಗೆ ನಿಂತವು. ಅಂಥವುಗಳಲ್ಲಿ ಈಗ ಉಳಿದಿರುವುದು ಒಂದೇ ಕಡೆಯ ಕಂಪ್ಯೂಟರ್‌ಗಳನ್ನು ಜೋಡಿಸಿ ಆಡುವ ಲ್ಯಾನ್ ಆಟ, ಇಲ್ಲವೇ ಅಭಿಮಾನಿಗಳು ನಡೆಸುವ ಸರ್ವರ್.

ಎಲ್ಲ ಸರಿಯಾಗಿ ಓಡುತ್ತಿದ್ದ ಆಟವೂ ಒಂದು ಅಪ್‌ಡೇಟ್‌ಗೆ ಹೇಗೆ ಮುಗ್ಗರಿಸುತ್ತದೆ ಎಂಬುದಕ್ಕೆ ಜಿಟಿಎ ಸರಣಿಯದೇ ಆದ ಸ್ಯಾನ್ ಆಂಡ್ರಿಯಾಸ್‌ನ ಸ್ಕಿಮ್ಮರ್ ವಿಮಾನ ಒಳ್ಳೆಯ ಸಾಕ್ಷಿ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಈ ನೀರವಿಮಾನ ನಕ್ಷೆಯಿಂದಲೇ ಮಾಯವಾಯಿತು; ಬಲವಂತವಾಗಿ ಹತ್ತಿಸಿದರೆ ಪಾತ್ರ ಆಕಾಶದಾಚೆ ಎಸೆಯಲ್ಪಡುತ್ತಿತ್ತು. ಈ ಆಟಗಳ ದೋಷ ತಿದ್ದುವ 'ಸೈಲೆಂಟ್‌ಪ್ಯಾಚ್' ಬರೆಯುವ ಪ್ರೋಗ್ರಾಮರ್ 2025ರಲ್ಲಿ ಕಾರಣ ಹೊರಗೆಳೆದರು. ವಾಹನಗಳ ಪಟ್ಟಿಯ ಫೈಲ್‌ನಲ್ಲಿ ಪ್ರತಿ ವಾಹನಕ್ಕೆ ಒಂದು ಸಾಲು, ಕೊನೆಯಲ್ಲಿ ಗಾಲಿಯ ಅಳತೆ. ವೈಸ್ ಸಿಟಿಯಲ್ಲಿ ಸ್ಕಿಮ್ಮರನ್ನು ದೋಣಿಯ ಲೆಕ್ಕಕ್ಕೆ ಹಿಡಿದಿದ್ದರು, ದೋಣಿಗೆ ಗಾಲಿ ಬೇಡ. ಸ್ಯಾನ್ ಆಂಡ್ರಿಯಾಸ್‌ನಲ್ಲಿ ಅದು ವಿಮಾನವಾದರೂ ಆ ಸಾಲಿಗೆ ಗಾಲಿಯ ಅಳತೆ ಸೇರಿಸಲು ಮರೆತರು. ಹಿಂದಿನ ಸಾಲಿನ ವ್ಯಾನ್‌ನ ಅಳತೆ 0.7 ಮೆಮೊರಿಯಲ್ಲಿ ಅಳಿಯದೆ ಬಿದ್ದಿರುತ್ತಿದ್ದುದರಿಂದ ಇಪ್ಪತ್ತು ವರ್ಷ ಅದನ್ನೇ ಎತ್ತಿಕೊಂಡು ವಿಮಾನ ಹಾರಿತು. 24ಎಚ್2ರಲ್ಲಿ ವಿಂಡೋಸ್‌ನ ಒಂದು ಫಂಕ್ಷನ್ ಸ್ಟ್ಯಾಕ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ ತುಸು ಹೆಚ್ಚು ಜಾಗ ಬಳಸತೊಡಗಿತು, 0.7ರ ಮೇಲೆ ಕಸ ಬಿತ್ತು. ಮೈಕ್ರೋಸಾಫ್ಟ್‌ನದು ತಪ್ಪೇನಿಲ್ಲ. ಆ ಸಾಲಿಗೆ ಗಾಲಿಯ ಅಳತೆ ತುಂಬಿದರೆ ವಿಮಾನ ವಾಪಸ್. ಅದೇ ಸೈಲೆಂಟ್‌ಪ್ಯಾಚ್ ವೈಸ್ ಸಿಟಿಯ ಮೌಸ್ ತೊಂದರೆಯನ್ನೂ ಸರಿಮಾಡುತ್ತದೆ. ಪ್ಯಾಚ್ ಹಾಕಿದ ಮೇಲೂ ಈ ಎರಡು ಆಟಗಳ ಫ್ರೇಮ್ ಲಿಮಿಟರ್ (ಸೆಕೆಂಡಿಗೆ ಮೂಡುವ ಚಿತ್ರಗಳ ಮಿತಿ) ಆನ್ ಇರಲಿ, ಆಫ್ ಮಾಡಿದರೆ ಸ್ಯಾನ್ ಆಂಡ್ರಿಯಾಸ್‌ನಲ್ಲಿ ಈಜು ಕೂಡ ಆಮೆವೇಗಕ್ಕೆ ಇಳಿಯುತ್ತದೆ.

ಡಿಜಿಟಲ್ ಪ್ರತಿ ಕೊಳ್ಳುವುದಾದರೆ ಮೊದಲ ಆಯ್ಕೆ ಜಿಒಜಿ. ಪೋಲೆಂಡ್‌ನ ಈ ಅಂಗಡಿ 2008ರಲ್ಲಿ ಹಳೆ ಆಟಗಳಿಗಾಗಿಯೇ ಶುರುವಾಯಿತು, ಬೀಗವಿಲ್ಲದ ಇನ್‌ಸ್ಟಾಲರ್ ಕೊಡುತ್ತದೆ. ಅದನ್ನು ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಂಡರೆ ಅಂಗಡಿ ಮುಚ್ಚಿದರೂ ಆಟ ನಿಮ್ಮದು. ಆಡಿ ನೋಡಿದ ಮೇಲೂ 30 ದಿನದೊಳಗೆ ಹಣ ವಾಪಸ್ ಕೇಳಬಹುದು. ಬೆಲೆ ಡಾಲರ್‌ನಲ್ಲಿ, ಹಾಗಾಗಿ ಕಾರ್ಡ್ ಹೊರದೇಶದ ವಹಿವಾಟಿಗೆ ತೆರೆದಿರಬೇಕು. 2020ರ ಮಾರ್ಚ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ಅದು ಮುಚ್ಚಿಯೇ ಬರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಕೊಂಡ ಮೇಲೆ ಮತ್ತೆ ಆಫ್ ಮಾಡಿ.

ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲಿ. ಆದರೆ ಕೊಂಡ 14 ದಿನದೊಳಗೆ, ಆಡಿದ ಸಮಯ ಎರಡು ಗಂಟೆ ಮೀರದಿದ್ದರೆ ಮಾತ್ರ ಹಣ ವಾಪಸ್. ಆಟದ ಲಾಂಚರ್ ತೆರೆದಿಟ್ಟು ಸೆಟ್ಟಿಂಗ್ ತಿರುವುತ್ತ ಕೂತ ಹೊತ್ತೂ ಆ ಎರಡು ಗಂಟೆಯಲ್ಲೇ ಎಣಿಕೆ. ಆದ್ದರಿಂದ ಮೊದಲು ಪಿಸಿಗೇಮಿಂಗ್‌ವಿಕಿ ಎಂಬ ಜಾಲತಾಣದಲ್ಲಿ ಆಟದ ಪುಟ ಓದಿ, ಬೇಕಾದ ಪ್ಯಾಚ್‌ಗಳನ್ನು ಇಳಿಸಿಟ್ಟು, ಆಮೇಲೆ ಕೊಂಡು ಒಮ್ಮೆಗೆ ಪರೀಕ್ಷಿಸಿ. ಮೆನು ಬಂತೆಂದು ಖುಷಿಪಡದೆ ಮೊದಲ ಹಂತ ಆಡಿ, ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದು ಲೋಡ್ ಮಾಡಿ ನೋಡಬೇಕು. ಬಹಳ ಆಟಗಳು ಕೈಕೊಡುವುದು ಅಲ್ಲೇ. ಡಿಜಿಟಲ್ ಪ್ರತಿಯಲ್ಲಿ ಹಳೆ ಹಾಡುಗಳಿಲ್ಲದಿದ್ದರೆ ಅಚ್ಚರಿ ಬೇಡ, ಸಂಗೀತದ ಪರವಾನಗಿ ಮುಗಿದ ಕಾರಣ ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಎರಡರಿಂದಲೂ ಕೆಲವು ಹಾಡು ತೆಗೆದಿದ್ದಾರೆ.

ಡಬ್ಬಿಗಳ ರಾಶಿಯೇ ಇರುವವರಿಗೆ ಎಕ್ಸ್‌ಪಿ ಹಾಕಿದ ಒಂದು ಹಳೆ ಕೋರ್ 2 ಡ್ಯುಯೊ ಯಂತ್ರ ಸಾಕು. 2 ಜಿಬಿ ರ‍್ಯಾಮ್ ಹಾಕಿ, ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಬದಲಿಸಿ, ತಲೆ ಉಬ್ಬಿದ ಕೆಪ್ಯಾಸಿಟರ್ ಇದ್ದರೆ ಆ ಬೋರ್ಡ್ ಕೊಳ್ಳಬೇಡಿ. ಎಕ್ಸ್‌ಪಿ ಹಾಕುವಾಗ 7ಬಿ ಎಂದು ಕೊನೆಯಾಗುವ ನೀಲಿ ಪರದೆ ಬಂದರೆ ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಹಾರ್ಡ್‌ಡಿಸ್ಕ್‌ನ ಸಾಟಾ ಮೋಡನ್ನು ಎಎಚ್‌ಸಿಐಯಿಂದ ಐಡಿಇಗೆ ಬದಲಿಸಿ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಿಂದ ಭದ್ರತೆಯ ನಿಯಮಿತ ಅಪ್‌ಡೇಟ್ ಇಲ್ಲ, ಆದ್ದರಿಂದ ಆ ಯಂತ್ರಕ್ಕೆ ನೆಟ್ ವೈರ್ ಚುಚ್ಚಬೇಡಿ, ಅದರಿಂದ ಫೈಲ್ ತಂದ ಪೆನ್‌ಡ್ರೈವನ್ನು ಹೊಸ ಲ್ಯಾಪ್‌ಟಾಪಿಗೆ ಹಾಕುವಾಗ ಸ್ಕ್ಯಾನ್ ಮಾಡದೆ ತೆರೆಯಬೇಡಿ.